ಶಿವಮೊಗ್ಗದ ಲಾ ಕಾಲೇಜಿನಲ್ಲಿ ಓದಿದವರಿಗೆ ವಿದೇಶದ ವಿಸಿಟಿಂಗ್ ಫೆಲೋಶಿಪ್ ಸಿಗುತ್ತಾ?

ಶಿವಮೊಗ್ಗದಲ್ಲೇ ಎಲ್‌ಎಲ್‌ಬಿ ಮಾಡಿದ್ದೀರಿ, ಈಗ ಪಿಎಚ್‌ಡಿಯಲ್ಲಿದ್ದೀರಿ, ದೊಡ್ಡ ಲಾ ಸ್ಕೂಲಿನ ಹೆಸರು ಇಲ್ಲದೆ ಅಂತಾರಾಷ್ಟ್ರೀಯ ಮತ್ತು ತೌಲನಿಕ ಕಾನೂನಿನಲ್ಲಿ (ಬೇರೆ ಬೇರೆ ದೇಶದ ಕಾನೂನು ಹೋಲಿಸುವುದು) ವಿಸಿಟಿಂಗ್ ಫೆಲೋ, ಅಂದರೆ ಅತಿಥಿ ಸಂಶೋಧಕ ಆಗಲು ಸಾಧ್ಯವಾ ಎಂದು ಕೇಳಿದ್ದೀರಿ. ಸಾಧ್ಯ. ನಾನು ಸಾಗರದವಳು. ನನಗೆ ಎರಡನೇ ಸಲಕ್ಕೆ ಸಿಕ್ಕಿತು.

ಮೊದಲು ಒಂದು ವಿಷಯ. ಇದನ್ನು ಸ್ಕಾಲರ್‌ಶಿಪ್ ಅಂದುಕೊಳ್ಳಬೇಡಿ. ಬಹಳ ಕಡೆ ಅಲ್ಲಿನ ಸಂಸ್ಥೆಯವರು ಕೊಡುವುದು ಕೂರಲು ಒಂದು ಮೇಜು, ಲೈಬ್ರರಿ ಕಾರ್ಡು, ಮಾತಾಡಲು ತಿಳಿದ ಜನ, ಅಷ್ಟೇ. ಕೆಲವು ಕಡೆ ನಾವೇ ಫೀ ಕಟ್ಟಬೇಕು. ಹಾಗಾಗಿ ಅವರು ನೋಡುವುದು ನಿಮ್ಮ ಕಾಲೇಜಿನ ಹೆಸರಿಗಿಂತ ಜಾಸ್ತಿ ನಿಮ್ಮ ಪ್ರಶ್ನೆಯನ್ನು. ಆ ಪ್ರಶ್ನೆಗೆ ಅವರ ಲೈಬ್ರರಿಯೇ ಯಾಕೆ ಬೇಕು ಎಂಬುದನ್ನು.

ನನ್ನ ಮೊದಲ ಅರ್ಜಿಯ ವಿಷಯ 'ಅಣೆಕಟ್ಟುಗಳು ಮತ್ತು ಮಾನವ ಹಕ್ಕುಗಳು'. ಎರಡೇ ಸಾಲಿನಲ್ಲಿ ಬೇಡ ಎಂದರು. ತುಂಬಾ ಬೇಜಾರಾಗಿತ್ತು. ಈಗ ಓದಿದರೆ ಅದರಲ್ಲಿ ಪ್ರಶ್ನೆಯೇ ಇಲ್ಲ ಎಂದು ಗೊತ್ತಾಗುತ್ತದೆ.

ನಮ್ಮ ಅಜ್ಜನ ಮನೆ, ತೋಟ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದು. ಆ ಮಳೆಗಾಲ ಮನೆಯ ಹಳೇ ಟ್ರಂಕು ತೆಗೆದೆ. ಪರಿಹಾರದ ಕಾಗದಗಳು ಗೆದ್ದಲು ಹಿಡಿದು ಅಂಚು ಉದುರುತ್ತಿದ್ದವು. ಅದರಲ್ಲಿ ಗದ್ದೆಗೆ ಇಷ್ಟು, ಅಡಿಕೆ ಮರಕ್ಕೆ ಇಷ್ಟು ಎಂದು ಬರೆದಿತ್ತು. ತೋಟದ ಗೊಬ್ಬರಕ್ಕೆಂದು ಬೆಟ್ಟದಿಂದ ತರುತ್ತಿದ್ದ ಸೊಪ್ಪಿಗೆ, ದರಗಿಗೆ (ಒಣಗಿದ ಎಲೆಗೆ) ಒಂದು ಪೈಸೆಯೂ ಇರಲಿಲ್ಲ. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟ ಉಳಿಯುತ್ತದಾ? ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಅಲ್ವಾ?

ಪ್ರಶ್ನೆ ಅಲ್ಲೇ ಸಿಕ್ಕಿತು. ಜಮೀನು ಹೋದರೆ ದುಡ್ಡು ಕೊಡುವ ಕಾನೂನು, ಬಳಕೆಯ ಹಕ್ಕು ಹೋದರೆ ಏನು ಕೊಡುತ್ತದೆ? ಹೋಲಿಸಲು ಘಾನಾ ದೇಶವನ್ನು ಆರಿಸಿದೆ. ಅದಕ್ಕೂ ಕಾರಣವಿತ್ತು. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ, ಅಲ್ಲಿನ ಅಕೊಸೊಂಬೊ ಅಣೆಕಟ್ಟು 1965ರಲ್ಲಿ. ಎರಡೂ ಕಡೆ ಬ್ರಿಟಿಷರ ಕಾಲದ ಕಾನೂನಿನ ನೆರಳಿತ್ತು. ಘಾನಾದಲ್ಲಿ ಸುಮಾರು 80,000 ಜನ ಊರು ಬಿಟ್ಟರು. ಅವರಿಗಾಗಿ 52 ಹೊಸ ಊರು ಕಟ್ಟಿದರು. ಒಂದು ಕೋಣೆ ಮುಗಿಸಿಕೊಟ್ಟು, ಉಳಿದದ್ದನ್ನು ನೀವೇ ಕಟ್ಟಿಕೊಳ್ಳಿ ಎಂದ ಮನೆಗಳು. ಪರಿಹಾರದ ತಕರಾರು ಅಲ್ಲೂ ದಶಕಗಟ್ಟಲೆ ಎಳೆಯಿತು. ಸುಮ್ನೆ 'ಭಾರತ ಮತ್ತು ಆಫ್ರಿಕಾ' ಎಂದು ಬರೆದಿದ್ದರೆ ಮತ್ತೆ ವಾಪಸ್ ಬರುತ್ತಿತ್ತು.

ಇನ್ನು ಎಲ್ಲಿಗೆ ಬರೆಯುವುದು? ಲಂಡನ್‌ನ ರಸೆಲ್ ಸ್ಕ್ವೇರ್‌ನಲ್ಲಿ ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಅಂಡ್ ಕಂಪ್ಯಾರೆಟಿವ್ ಲಾ ಇದೆ. ಕೇಂಬ್ರಿಜ್‌ನಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಲಾಟರ್‌ಪಾಕ್ಟ್ ಸೆಂಟರ್ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳಲ್ಲಿ ಎರಡನ್ನು ನೋಡಿ. ನಿಮ್ಮದು ಸಂವಿಧಾನ, ಅಂತಾರಾಷ್ಟ್ರೀಯ ಕಾನೂನಿನ ವಿಷಯವಾದರೆ ಹೈಡೆಲ್‌ಬರ್ಗ್. ಕರಾರು, ಕುಟುಂಬ, ಆಸ್ತಿಯ ವಿಷಯವಾದರೆ ಹ್ಯಾಂಬರ್ಗ್. ಇದನ್ನು ಅದಲುಬದಲು ಮಾಡಿ ಕಳಿಸುವವರು ಇದ್ದಾರೆ, ಜೋಪಾನ. ದುಡ್ಡಿಗೆ ಫುಲ್‌ಬ್ರೈಟ್-ನೆಹರು (ಅಮೆರಿಕಕ್ಕೆ), ಡಿಎಎಡಿ (ಜರ್ಮನಿಗೆ) ಎಂಬ ಸ್ಕಾಲರ್‌ಶಿಪ್‌ಗಳನ್ನು ನೋಡಿ. ಇವುಗಳ ಕೆಲಸ ಒಂದು ವರ್ಷ ಮೊದಲೇ ಶುರುವಾಗಬೇಕು.

ಅರ್ಜಿಗೆ ಮುಂಚೆ ಅಲ್ಲಿನ ಒಬ್ಬ ಸಂಶೋಧಕರಿಗೆ ಪತ್ರ ಬರೆಯಿರಿ. ಅವರ ಒಂದು ಲೇಖನವನ್ನಾದರೂ ಪೂರ್ತಿ ಓದಿ, ಅದರಲ್ಲಿ ನಿಮಗೆ ಎಲ್ಲಿ ತೊಡಕಾಯಿತೋ ಅದನ್ನೇ ಕೇಳಿ. ಪತ್ರ ಒಂದು ಪುಟ ದಾಟಬಾರದು. ನನಗೆ ಉತ್ತರ ಬಂದದ್ದು ಹದಿನೆಂಟು ದಿನಕ್ಕೆ. ಅದರಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಸೊಪ್ಪಿನ ಬೆಟ್ಟ ಎಂದರೇನು?

ನಿಮ್ಮ ವಿಷಯವನ್ನು ಎರಡು ಸಾಲಿನಲ್ಲಿ ಬರೆದು ಇಲ್ಲೇ ಕೆಳಗೆ ಹಾಕಿ. ಓದಿ, ಯಾವ ಕಡೆಗೆ ಕಳಿಸಬಹುದು ಅಂತ ಹೇಳುತ್ತೇನೆ.