ಕುರ್ಚಿ ಖಾಲಿ ಇದ್ದರೂ ನಿಂತಿದ್ದ ಬಸುರಿ

ಪ್ರಶ್ನೆ: ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಅಮೆರಿಕದಲ್ಲಿ ಕಪ್ಪು ಜನಾಂಗದ ತಾಯಂದಿರ ಸಾವು ಹೆಚ್ಚು, ಅದಕ್ಕೆ ವರ್ಣಭೇದವೂ ಕಾರಣ ಎಂದು ತರಗತಿಯಲ್ಲಿ ಹೇಳಿದರು. ಬಡತನ ಎಂದರೆ ಒಪ್ಪಬಹುದು. ಯಾರೋ ಆಡಿದ ಮಾತಿಗೆ ರಕ್ತದೊತ್ತಡ ಏರುತ್ತದೆಯೇ ಮೇಡಂ?
– ವಿದ್ಯಾರ್ಥಿನಿ, ಗದಗ

ಉತ್ತರ: ಏರುತ್ತದೆ ತಂಗಿ. ಬಡತನವೊಂದೇ ಕಾರಣವಾಗಿದ್ದರೆ ಓದು, ಸಂಬಳ ಕೈಗೆ ಬಂದ ಮೇಲೆ ಅಪಾಯ ತಗ್ಗಬೇಕಿತ್ತು. 2007ರಿಂದ 2016ರವರೆಗಿನ ಅಲ್ಲಿನ ಸರ್ಕಾರಿ ಅಂಕಿಅಂಶ ನೋಡು: ಪದವಿ ಪಡೆದ ಕಪ್ಪು ತಾಯಂದಿರ ಸಾವಿನ ಪ್ರಮಾಣ, ಪ್ರೌಢಶಾಲೆಯನ್ನೂ ಮುಗಿಸದ ಬಿಳಿಯ ತಾಯಂದಿರದಕ್ಕಿಂತ 1.6 ಪಟ್ಟು.

ಯಾರು ಯಾವಾಗ ಏನೆನ್ನುವರೋ ಎಂಬ ಅಳುಕಿನಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ, ರಕ್ತನಾಳ ಬಿಗಿಯುತ್ತದೆ. ಎಂದೋ ಒಮ್ಮೆಯಾದರೆ ಇಳಿದೀತು. ಅಂಗಡಿ, ಕಚೇರಿ, ಮಗುವಿನ ಶಾಲೆ ಎಲ್ಲೆಡೆ ದಿನವೂ ಅದೇ ಆದರೆ? ಗಾಳಿಮಳೆಗೆ ಕಲ್ಲು ಸವೆದಂತೆ ದೇಹ ವಯಸ್ಸಿಗೆ ಮೊದಲೇ ಸವೆಯುತ್ತದೆ. ಸಂಶೋಧಕಿ ಆರ್ಲೀನ್ ಜೆರೊನಿಮಸ್ 1992ರಲ್ಲಿ ಇದನ್ನು ‘ವೆದರಿಂಗ್’ ಎಂದರು.

ಸಾಲದ್ದಕ್ಕೆ, ನೋವು ಹೇಳಿಕೊಂಡರೂ ನಂಬುವವರಿಲ್ಲ. 2017ರಲ್ಲಿ ಹೆರಿಗೆಯ ಮರುದಿನ ಉಸಿರುಕಟ್ಟಿದಾಗ ಕಪ್ಪು ಜನಾಂಗದ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ತಾವಾಗಿಯೇ ಸ್ಕ್ಯಾನ್ ಕೇಳಿದರು. ನೋವಿನ ಔಷಧದ ಮಂಪರಿರಬೇಕು ಎಂದುಕೊಂಡರು ನರ್ಸ್. ಕೊನೆಗೆ ಸ್ಕ್ಯಾನ್ ಮಾಡಿದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಇದು ನಮಗೆ ಸಂಬಂಧವಿಲ್ಲದ ಮಾತಲ್ಲ. ಹುಬ್ಬಳ್ಳಿಯಲ್ಲಿ ನಾನಿದ್ದ ಆಸ್ಪತ್ರೆಗೆ ಕಲಘಟಗಿ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಗಳೊಬ್ಬಳು ಬಂದಿದ್ದಳು, ಎಂಟು ತಿಂಗಳ ಬಸುರಿ. ಕುರ್ಚಿ ಖಾಲಿ ಇತ್ತು, ಆಕೆ ಗೋಡೆಗೆ ಒರಗಿ ನಿಂತಿದ್ದಳು. ರಕ್ತದೊತ್ತಡ 150/100. ಯಾಕವ್ವ ಕೂರಲಿಲ್ಲ ಎಂದೆ. ಬಸ್ಸಿನಲ್ಲಿ ಪಕ್ಕದಾಕೆ ಎದ್ದು ಹೋದದ್ದನ್ನು, ಚೀಟಿ ಮಾಡಿಸುವಲ್ಲಿ ‘ಯಾವ ದೇಶದವಳು’ ಎಂದು ನಕ್ಕದ್ದನ್ನು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ನಾನಾಡುವ ಕನ್ನಡದಲ್ಲೇ ಹೇಳಿದಳು. ಅರ್ಧ ಗಂಟೆ ಕೂರಿಸಿ ಮತ್ತೆ ನೋಡಿದೆ: 136/88. ಒಬ್ಬಳ ಅಳತೆಯಿಂದ ಏನನ್ನೂ ಸಾಧಿಸಲಾಗದು, ನಿಜ. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷಿಸಿ, ವಾರಕ್ಕೆರಡು ಸಲ ಬರಹೇಳಿದೆ. ಆದರೆ ನಕ್ಕವನನ್ನು ಅಂದೇ ಕರೆದು ಕೇಳಲಿಲ್ಲ. ಆ ತಪ್ಪು ನನ್ನದು.

ನಾಳೆ ನೀನು ವಾರ್ಡಿಗೆ ಹೋದಾಗ, ತೋಳಿಗೆ ಪಟ್ಟಿ ಸುತ್ತುವ ಮೊದಲು ಐದು ನಿಮಿಷ ಕೂರಿಸು. ಹೆಸರು ಹಿಡಿದು ಕರೆ. ತಲೆನೋವು, ಕಣ್ಣು ಮಂಜು, ಏದುಸಿರು ಎಂದು ಬಸುರಿಯಾಗಲಿ ಬಾಣಂತಿಯಾಗಲಿ ಹೇಳಿದರೆ, ‘ಅದೆಲ್ಲ ಇದ್ದದ್ದೇ’ ಎನ್ನದೆ ವೈದ್ಯರನ್ನು ಕರೆಸು. ಅವರು ಬರದಿದ್ದರೆ ಮತ್ತೊಮ್ಮೆ ಕರೆಸು.