ಪುಸ್ತಕ ತೆಗೆದ ಕೂಡಲೇ ತೂಕಡಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರ: ಮಗ ಒಂಬತ್ತನೇ ಕ್ಲಾಸು. ಐದಕ್ಕೆ ಸ್ಕೂಲಿಂದ ಬಂದು ಮಂಡಕ್ಕಿ, ಎರಡು ಮೆಣಸಿನಕಾಯಿ ತಿಂದು ಮಂಚದ ಮೇಲೆ ಪುಸ್ತಕ ಹಿಡಿಯುತ್ತಾನೆ. ಹತ್ತೇ ನಿಮಿಷಕ್ಕೆ ತೂಕಡಿಕೆ. ಪಾಪ ಅಂತ ಬಿಟ್ಟರೆ ಎಂಟರವರೆಗೂ ಏಳಲ್ಲ, ಆಮೇಲೆ ರಾತ್ರಿ ಹನ್ನೆರಡಾದರೂ ನಿದ್ದೆ ಬರಲ್ಲ. ಬೈದರೆ ಅಳುತ್ತಾನೆ. ಏನು ಮಾಡಲಿ?
– ಗೃಹಿಣಿ, ನಿಟ್ಟುವಳ್ಳಿ, ದಾವಣಗೆರೆ

ಉ: ದಯವಿಟ್ಟು ಬೈಯಬೇಡಿ. ಇದು ಸೋಮಾರಿತನವಲ್ಲ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ನಿದ್ದೆ ಎಳೆಯುವುದು ಅದರಿಂದ. ಮಲಗಿದಾಗ ಅದು ಇಳಿಯುತ್ತದೆ. ನಿಮ್ಮ ಮಗ ಸಂಜೆಯೇ ಎರಡೂವರೆ ಗಂಟೆ ಮಲಗಿ ಅದನ್ನು ಇಳಿಸಿಕೊಳ್ಳುವುದರಿಂದ ರಾತ್ರಿ ನಿದ್ದೆ ಹತ್ತಿರ ಸುಳಿಯುವುದಿಲ್ಲ. ರಾತ್ರಿ ಕೆಟ್ಟ ನಿದ್ದೆ ಮರುದಿನ ಸಂಜೆ ಮತ್ತೆ ಕಾಡುತ್ತದೆ.

ಸಂಜೆಯ ನಿದ್ದೆಯನ್ನು ಒಮ್ಮೆಲೇ ನಿಲ್ಲಿಸಲು ಹೋಗಬೇಡಿ, ಇಪ್ಪತ್ತು ನಿಮಿಷಕ್ಕೆ ಇಳಿಸಿ. ಕೈಕಾಲು ಮುಖ ತೊಳೆದು, ತಿಂಡಿ ತಿಂದು, ಐದೂಕಾಲಿನ ಹೊತ್ತಿಗೆ ಚಾಪೆಯ ಮೇಲೆ ಅಡ್ಡಾಗಲಿ. ಮಂಚ ಬೇಡ. ಕಣ್ಣು ಹತ್ತಲು ಐದು ನಿಮಿಷ ಸೇರಿಸಿ 25 ನಿಮಿಷಕ್ಕೆ ಅಲಾರಾಂ ಇಡಿ, ಅದೂ ಎದ್ದು ಹೋಗಿಯೇ ನಿಲ್ಲಿಸಬೇಕಾದಷ್ಟು ದೂರದಲ್ಲಿ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರುತ್ತಾನೆ. ಆಗ ಎಬ್ಬಿಸಿದರೆ ತಲೆ ಭಾರ, ಸಿಡುಕು, ಮುಂದಿನ ಅರ್ಧ ಗಂಟೆ ಏನೂ ತಲೆಗೆ ಹೋಗುವುದಿಲ್ಲ. ‘ಮಲಗಿ ಎದ್ದರೂ ಓದಲ್ಲ’ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಎದ್ದ ಮೇಲೆ ಮುಖಕ್ಕೆ ತಣ್ಣೀರು, ಕುಡಿಯಲು ಒಂದು ಲೋಟ ನೀರು, ಹೊರಗೆ ಬೆಳಕಿನಲ್ಲಿ ಐದು ನಿಮಿಷ ಓಡಾಟ. ಆರು ಗಂಟೆಯ ಮೇಲೆ ಮಾತ್ರ ಮಲಗಲು ಬಿಡಲೇಬೇಡಿ.

ಇನ್ನು ತಿಂಡಿ. ನಮ್ಮೂರಲ್ಲಿ ಮಂಡಕ್ಕಿ ಬಿಡಿ ಎಂದರೆ ಯಾರೂ ಕೇಳರು, ಬಿಡಬೇಕಾಗಿಯೂ ಇಲ್ಲ. ಹೊಟ್ಟೆ ಭಾರ ಮಾಡುವುದು ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ. ಬರೀ ಮಂಡಕ್ಕಿಯಾದರೆ ಬೇಗ ಕರಗಿ ಗಂಟೆಯೊಳಗೆ ಮತ್ತೆ ಹಸಿವು. ಒಂದು ಬಟ್ಟಲು ಮಂಡಕ್ಕಿಗೆ ಒಂದು ಹಿಡಿ ಹುರಿದ ಶೇಂಗಾ, ಹೆಚ್ಚಿದ ಈರುಳ್ಳಿ, ಟೊಮೆಟೊ ಕಲಸಿ, ಜೊತೆಗೆ ಮಜ್ಜಿಗೆ ಕೊಡಿ. ಹೆಸರುಕಾಳಿನ ಉಸುಳಿ ಇನ್ನೂ ಒಳ್ಳೆಯದು.

ಆರಕ್ಕೆ ಓದಲು ಕೂತಾಗ ಮೊದಲು ಗಣಿತ. ಮಕ್ಕಳು ಸಾಮಾನ್ಯವಾಗಿ ನೋಟ್ಸ್ ಕಾಪಿ ಮಾಡುವ ಸುಲಭದ ಕೆಲಸದಿಂದ ಶುರು ಮಾಡುತ್ತಾರೆ. ಕೈ ಓಡುತ್ತದೆ, ತಲೆಗೆ ಕೆಲಸವಿಲ್ಲ, ಜೊಂಪು ಹತ್ತುತ್ತದೆ. ಅದನ್ನು ಕೊನೆಗಿಡಿ. ಮೇಜು ಇಲ್ಲದಿದ್ದರೆ ನೆಲದ ಮೇಲೆ ಬರೆಯುವ ಮಣೆ ಸಾಕು, ಆದರೆ ಗೋಡೆಗೆ ಒರಗಬಾರದು. ಬಲಗೈಯಲ್ಲಿ ಬರೆಯುವವನಾದರೆ ಬೆಳಕು ಎಡದಿಂದ ಬೀಳಲಿ. 25 ನಿಮಿಷ ಕೆಲಸ, ಐದು ನಿಮಿಷ ಬಿಡುವು. ಬಿಡುವಿನಲ್ಲಿ ಫೋನ್ ಕೊಟ್ಟಿರೋ, ಐದು ನಿಮಿಷ ಮುಗಿಯುವುದೇ ಇಲ್ಲ. ಸಮಾಜ, ವಿಜ್ಞಾನ ಓದುವಾಗ ಒಂದು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಿದ್ದ ನಾಲ್ಕು ಅಂಶಗಳನ್ನು ರಫ್ ಪುಸ್ತಕದಲ್ಲಿ ಬರೆಯಲಿ, ಆಮೇಲೆ ತೆರೆದು ತಾಳೆ ನೋಡಲಿ. ಸುಮ್ಮನೆ ಕಣ್ಣಾಡಿಸುವಾಗ ಬರುವ ತೂಕಡಿಕೆ ಹೀಗೆ ಬರೆಯುವಾಗ ಅಷ್ಟು ಬರುವುದಿಲ್ಲ. ಆದರೂ ಕಣ್ಣು ಎಳೆದರೆ ಎದ್ದು ನಿಂತು ಗಟ್ಟಿಯಾಗಿ ಓದಲಿ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಸಾಲದಿದ್ದರೆ ಪ್ರಯೋಜನವಿಲ್ಲ. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಏಳಬೇಕೆಂದರೆ ರಾತ್ರಿ ಹತ್ತರೊಳಗೆ ದೀಪ ಆರಬೇಕು. ಭಾನುವಾರವೂ ಏಳಕ್ಕಿಂತ ತಡವಾಗಿ ಏಳುವುದು ಬೇಡ.

ಪ್ರ: ನಾನು ಎಸ್ಸೆಸ್ಸೆಲ್ಸಿ. ಬಸ್ಸಿಳಿದು ಊರು ಸೇರುವಾಗ ಆರೂವರೆ. ಮನೆಗೆಲಸ, ಊಟ ಮುಗಿಸಿ ಒಂಬತ್ತಕ್ಕೆ ಓದಲು ಕೂತರೆ ಕಣ್ಣು ಮುಚ್ಚಿಕೊಂಡು ಬರುತ್ತದೆ. ಟೀ ಕುಡಿದು ಕೂರಬಹುದೇ?
– ವಿದ್ಯಾರ್ಥಿನಿ, ಹೊಸದುರ್ಗ ತಾಲ್ಲೂಕು

ಉ: ಬೇಡ ತಂಗಿ. ಟೀಯಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಒಂಬತ್ತಕ್ಕೆ ಕುಡಿದದ್ದರ ಅರ್ಧದಷ್ಟು ನಡುರಾತ್ರಿ ಎರಡಕ್ಕೂ ಮೈಯಲ್ಲೇ ಇರುತ್ತದೆ. ಕುಡಿಯಲೇಬೇಕೆಂದರೆ ಸಂಜೆ ನಾಲ್ಕರೊಳಗೆ.

ಊಟಕ್ಕೆ ಮುಂಚೆ ನಲವತ್ತು ನಿಮಿಷ ಸಿಗುವಂತೆ ಅಮ್ಮನ ಹತ್ತಿರ ಮಾತಾಡು, ಲೆಕ್ಕಗಳನ್ನು ಆಗಲೇ ಮುಗಿಸು. ಮನೆಗೆಲಸ ಓದಿನ ನಂತರಕ್ಕೆ ಹೋದರೆ ಏನೂ ಹಾಳಾಗದು, ಓದು ನಂತರಕ್ಕೆ ಹೋದರೆ ಹಾಳಾಗುತ್ತದೆ. ರಾತ್ರಿ ಮುದ್ದೆ ಚಿಕ್ಕದಿರಲಿ, ಕಾಳು ಸೊಪ್ಪಿನ ಸಾರು ಹೆಚ್ಚಿರಲಿ. ಊಟವಾದ ಮೇಲೆ ಕಾಪಿ ಬರೆಯುವ ಕೆಲಸವಷ್ಟೇ ಮಾಡಿ ಒಂಬತ್ತೂವರೆಗೆ ಮಲಗು. ಐದೂವರೆಗೆ ಎದ್ದರೆ ಎಂಟು ಗಂಟೆ ನಿದ್ದೆಯೂ ಆಯಿತು, ಬಾಯಿಪಾಠಕ್ಕೆ ಹೊತ್ತೂ ಸಿಕ್ಕಿತು. ಬಸ್ಸಿನಲ್ಲಿ ಪುಸ್ತಕ ತೆರೆದರೆ ತಲೆ ತಿರುಗುತ್ತದೆ. ಅಂದಿನ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸಿಕೋ.

ಇನ್ನೊಂದು ಮಾತು. ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಿಚಿದ ಕಣ್ಣರೆಪ್ಪೆಯ ಒಳಭಾಗ, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸು. ನಿನ್ನ ವಯಸ್ಸಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, ಎಷ್ಟು ಮಲಗಿದರೂ ಸುಸ್ತು ಹೋಗದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು. ಹೊಟ್ಟೆ ತೊಳಸುತ್ತದೆಂದು ಎಸೆಯಬೇಡ, ಊಟವಾದ ಮೇಲೆ ನುಂಗು. ಅದರ ಹಿಂದೆ ಮುಂದೆ ಒಂದು ಗಂಟೆ ಟೀ ಕುಡಿಯಬಾರದು, ಟೀ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ.

ಪ್ರ: ನಾಲ್ಕನೇ ಕ್ಲಾಸಿನ ಮಗಳು ಅರ್ಧ ಗಂಟೆಯ ಹೋಂವರ್ಕ್‌ಗೆ ಎರಡು ಗಂಟೆ ಮಾಡುತ್ತಾಳೆ. ಹೋಂವರ್ಕ್ ವಾಟ್ಸಾಪ್‌ನಲ್ಲಿ ಬರುವುದರಿಂದ ಫೋನ್ ಕೊಡಲೇಬೇಕು.
– ತಂದೆ, ಚಿತ್ರದುರ್ಗ

ಉ: ಫೋನ್ ನೋಡಿ ನೀವೇ ಒಂದು ಚೀಟಿಯಲ್ಲಿ ಬರೆದು ಕೊಡಿ, ಫೋನ್ ಬೇರೆ ಕೋಣೆಗೆ ಹೋಗಲಿ. ಈ ವಯಸ್ಸಿಗೆ ಒಂದೇ ಬಾರಿ 15 ನಿಮಿಷ ಸಾಕು. ಟಿವಿ ಆರಿಸಿ ಪಕ್ಕದಲ್ಲಿ ಕೂರಿ, ಆದರೆ ಅಕ್ಷರಕ್ಕೊಂದು ತಪ್ಪು ಹಿಡಿಯಬೇಡಿ. ಪುಸ್ತಕವನ್ನು ಮುಖದ ಹತ್ತಿರ ತಂದು ಓದುತ್ತಾಳೆಯೇ, ಸಂಜೆ ತಲೆನೋವು ಎನ್ನುತ್ತಾಳೆಯೇ ಗಮನಿಸಿ. ಹೌದಾದರೆ ಮೊದಲು ಕಣ್ಣಿನ ಪರೀಕ್ಷೆ.

ಪ್ರ: ಏಳನೇ ಕ್ಲಾಸಿನ ಮೊಮ್ಮಗ ಒಂಬತ್ತು ಗಂಟೆ ಮಲಗಿದರೂ ಸಂಜೆ ತೂಗುತ್ತಾನೆ.
– ಅಜ್ಜ, ಹರಿಹರ

ಉ: ರಾತ್ರಿ ಅವನ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ, ಯಜಮಾನರೇ. ಗೊರಕೆ, ಬಾಯಿ ತೆರೆದು ಉಸಿರಾಟ, ನಡುನಡುವೆ ಉಸಿರು ಕಟ್ಟಿದಂತಾದರೆ ಮೂಗಿನ ಹಿಂಭಾಗದಲ್ಲಿರುವ ಅಡೆನಾಯ್ಡ್ ಎಂಬ ಗಡ್ಡೆ ಅಥವಾ ಗಂಟಲಿನ ಟಾನ್ಸಿಲ್ ದೊಡ್ಡದಾಗಿರಬಹುದು. ಹಾಗಿದ್ದರೆ ನಿದ್ದೆ ಉದ್ದವಿದ್ದರೂ ಪದೇಪದೇ ಒಡೆಯುತ್ತದೆ. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ನೆಗಡಿ, ಅಲರ್ಜಿಗೆ ಮಾತ್ರೆ ಕೊಡುತ್ತಿದ್ದರೆ ಅದರ ಚೀಟಿಯನ್ನೂ ಒಯ್ಯಿರಿ. ಸೆಟ್ರಿಜಿನ್, ಕ್ಲೋರ್‌ಫೆನಿರಮಿನ್‌ನಂಥವು ಹಗಲಲ್ಲೂ ಮಂಪರು ತರುತ್ತವೆ. ವೈದ್ಯರು ಅದನ್ನು ರಾತ್ರಿಗೆ ಬದಲಿಸಬಹುದು, ಇಲ್ಲವೇ ಬೇರೆ ಔಷಧಿ ಬರೆದುಕೊಡಬಹುದು.