ಹುಲ್ಲಿನ ಮೇಲಿನ ಪುಟ್ಟ ನೀಲಿ ಚಿಟ್ಟೆ ಯಾವುದು?

ಪ್ರಶ್ನೆ: ಮನೆಯ ಮುಂದಿನ ಹುಲ್ಲಿನಲ್ಲಿ ದಿನವೂ ಹಾರಾಡುವ ನೀಲಿ ಚಿಟ್ಟೆಯ ಎರಡು ಚಿತ್ರಗಳನ್ನು ಕಳುಹಿಸಿದ್ದೇನೆ. ಗಾತ್ರ ನೋಡಿ ನಾನು ಇದನ್ನು ಟೈನಿ ಗ್ರಾಸ್ ಬ್ಲೂ ಎಂದುಕೊಂಡೆ. ಗೆಳೆಯರು ಪೇಲ್ ಗ್ರಾಸ್ ಬ್ಲೂ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರ ಮಾತೇ ಸರಿ. ಕರ್ನಾಟಕದ ಹುಲ್ಲುಗಾವಲು, ಹೊಲದ ಬದು ಮತ್ತು ಮನೆಯಂಗಳಗಳಲ್ಲಿ ಪೇಲ್, ಡಾರ್ಕ್, ಲೆಸ್ಸರ್ ಮತ್ತು ಟೈನಿ ಎಂಬ ನಾಲ್ಕು ಗ್ರಾಸ್ ಬ್ಲೂಗಳು ಕಾಣಸಿಗುತ್ತವೆ. ಇವುಗಳನ್ನು ನೀಲಿ ಬಣ್ಣವೊಂದನ್ನೇ ನಂಬಿ ಬೇರ್ಪಡಿಸಲು ಹೊರಟರೆ ತಪ್ಪಾಗುವುದೇ ಹೆಚ್ಚು. ಏಕೆಂದರೆ ಆ ನೀಲಿಯು ರೆಕ್ಕೆಯ ಹುರುಪೆಗಳ ಸೂಕ್ಷ್ಮ ರಚನೆಯಿಂದ ಹುಟ್ಟುವಂಥದ್ದು, ಬೆಳಕಿನ ಕೋನ ಬದಲಾದಂತೆ ಬದಲಾಗುತ್ತದೆ, ಹೆಣ್ಣುಗಳಲ್ಲಂತೂ ಕಂದು ಬಣ್ಣವೇ ಮೇಲುಗೈ.

ಆದ್ದರಿಂದ ರೆಕ್ಕೆ ಮಡಚಿ ಕುಳಿತಾಗ ಮುಂದಿನ ರೆಕ್ಕೆಯ ಕೆಳಬದಿಯನ್ನು ನೋಡಬೇಕು. ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳು ಸುತ್ತುವರಿದ ಜಾಗಕ್ಕೆ ಕೋಶ ಎನ್ನುತ್ತೇವೆ. ಅದರ ತುದಿಯಲ್ಲಿ ನಾಲ್ಕರಲ್ಲೂ ಒಂದು ಗೆರೆ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕೋಶದ ಒಳಗೆ ಪ್ರತ್ಯೇಕ ಚುಕ್ಕಿ ಇದ್ದರೆ ಅದು ಪೇಲ್ ಅಥವಾ ಡಾರ್ಕ್. ಇಲ್ಲದಿದ್ದರೆ ಲೆಸ್ಸರ್ ಅಥವಾ ಟೈನಿ. ಟೈನಿಯಲ್ಲಿ ಮುಂದಿನ ರೆಕ್ಕೆಯ ಮೇಲಂಚಿನಲ್ಲಿ ಹೆಚ್ಚುವರಿ ಪುಟ್ಟ ಚುಕ್ಕಿಗಳಿರುತ್ತವೆ. ಲೆಸ್ಸರ್‌ನಲ್ಲಿ ಹಿಂದಿನ ರೆಕ್ಕೆಯ ಚುಕ್ಕಿಸಾಲಿನ ಮೇಲಿನಿಂದ ಎರಡನೆಯದು ಒಳಕ್ಕೆ ಸರಿದು ಸಾಲಿನ ಬಾಗು ಮುರಿದಿರುತ್ತದೆ.

ನಿಮ್ಮ ಎರಡನೆಯ ಚಿತ್ರದಲ್ಲಿ ಕೋಶದ ಚುಕ್ಕಿ ಸ್ಪಷ್ಟವಾಗಿದೆ. ಮೊದಲನೆಯದರಲ್ಲಿ ಬಿಸಿಲು ಕಾಯುತ್ತ ಅರೆತೆರೆದ ರೆಕ್ಕೆಗಳು ಬೆಳ್ಳಿ ಬೆರೆತ ತಿಳಿನೀಲಿ, ಅಗಲವಾದ ಕಂದು ಅಂಚು. ಡಾರ್ಕ್ ಗ್ರಾಸ್ ಬ್ಲೂ ಗಂಡಿನ ಮೇಲ್ಬದಿ ಇದಕ್ಕಿಂತ ಗಾಢವಾದ ನೇರಳೆ ನೀಲಿ. ಪೇಲ್ ಈ ನಾಲ್ಕರಲ್ಲಿ ದೊಡ್ಡದಾದರೂ, ಹೋಲಿಸಲು ಪಕ್ಕದಲ್ಲಿ ಇನ್ನೊಂದಿಲ್ಲದಾಗ ಪುಟ್ಟದಾಗಿಯೇ ತೋರುತ್ತದೆ.

ಆಹಾರಸಸ್ಯವೂ ಒಳ್ಳೆಯ ಸುಳಿವು. ಪೇಲ್ ಗ್ರಾಸ್ ಬ್ಲೂ ಮೊಟ್ಟೆಯಿಡುವುದು ಮುಖ್ಯವಾಗಿ ಪುಲ್ಲಂಪುರಚಿಯ ಮೇಲೆ, ಅಂದರೆ ಹೂಕುಂಡಗಳಲ್ಲಿ ತಾನಾಗಿ ಹುಟ್ಟುವ, ಮೂರು ಹೃದಯಾಕಾರದ ಎಲೆಗಳ, ಹಳದಿ ಹೂವಿನ ಹುಳಿ ಗಿಡದ ಮೇಲೆ. ಕಳೆಯೆಂದು ಅದನ್ನು ಪೂರ್ತಿ ಕಿತ್ತೆಸೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಡಾರ್ಕ್ ಗ್ರಾಸ್ ಬ್ಲೂ ಹರಿವೆಯ ಜಾತಿಯ ಗಿಡಗಳನ್ನೂ ನೆಗ್ಗಿಲನ್ನೂ ಆರಿಸಿಕೊಳ್ಳುತ್ತದೆ.

ಹಿಂದಿನ ರೆಕ್ಕೆಯು ಮುಂದಿನದನ್ನು ಮುಚ್ಚಿಕೊಂಡು ಕೋಶ ಕಾಣದಿದ್ದರೆ, ಚಿಟ್ಟೆ ಹೂವಿನ ಮೇಲೆ ಮಕರಂದ ಹೀರುವವರೆಗೆ ಕಾದು, ಬದಿಯಿಂದ, ಅದರ ಮಟ್ಟಕ್ಕೇ ಬಾಗಿ ಇನ್ನೊಂದು ಚಿತ್ರ ತೆಗೆಯಿರಿ. ಅದೂ ಸಿಗದಿದ್ದರೆ ದಾಖಲೆಯಲ್ಲಿ ‘ಗ್ರಾಸ್ ಬ್ಲೂ’ ಎಂದಷ್ಟೇ ಬರೆಯಿರಿ.